ಚಿತ್ರ ಮಸುಕಾದರೆ ಹುಳು ಕಾಣದು
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ದಿನ ನಾನು ಗೊಬ್ಬರದ ವಿಚಾರವನ್ನಾಗಲಿ ಬೀಜೋಪಚಾರದ ವಿಚಾರವನ್ನಾಗಲಿ ಹೇಳುವುದಿಲ್ಲ. ನಿಮ್ಮೆಲ್ಲರ ಜೇಬಿನಲ್ಲಿರುವ ಮೊಬೈಲಿನ ವಿಚಾರ, ಅದರಲ್ಲಿಯೂ ಅದರ ಕ್ಯಾಮೆರಾದಿಂದ ತೆಗೆದ ಚಿತ್ರದ ವಿಚಾರ ಹೇಳುತ್ತೇನೆ. ಕೃಷಿಯ ಸಭೆಯಲ್ಲಿ ಇದೇನು ಮಾತು ಎಂದು ಕೆಲವರು ನಗಬಹುದು. ಆದರೆ ಈಗ ಬೆಳೆಗೆ ಹುಳು ಬಿದ್ದರೂ, ಎಲೆ ಹಳದಿಯಾದರೂ, ಆಲಿಕಲ್ಲು ಮಳೆಗೆ ಪೈರು ಮಲಗಿದರೂ ಮೊದಲು ಹೊರಡುವುದು ಚಿತ್ರ. ಮನುಷ್ಯ ಹೊರಡುವುದು ಆಮೇಲೆ. ಆ ಚಿತ್ರ ಸರಿಯಾಗಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಕಳೆದ ಮುಂಗಾರಿನಲ್ಲಿ ನಾನು ಕಲಿತೆನು. ಕಲಿತವನು ನಾನು, ದಂಡ ತೆತ್ತವರು ಬೇರೊಬ್ಬರು. ಆದಕಾರಣ ಆ ಕಥೆಯಿಂದಲೇ ಆರಂಭಿಸುವುದು ನ್ಯಾಯ.

ನಮ್ಮ ಹೋಬಳಿಯ ಹಿರಿಯ ರೈತರೊಬ್ಬರು ಎರಡು ಎಕರೆಗೆ ಮೆಕ್ಕೆಜೋಳ ಹಾಕಿದ್ದರು. ಅವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ‘ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಹೇಳಪ್ಪ’ ಎಂದು ಅಪ್ಪಣೆ ಕೊಟ್ಟಿದ್ದಾರೆ. ಪೈರಿಗೆ ಇಪ್ಪತ್ತೈದು ದಿನವಾಗಿದ್ದಾಗ ಎಲೆಯಲ್ಲಿ ತೂತು ಕಂಡು, ಹೊತ್ತು ಮುಳುಗುವ ವೇಳೆಯಲ್ಲಿ ಬದುವಿನ ಮೇಲೆ ನಿಂತು ಒಂದು ಚಿತ್ರ ತೆಗೆದು ನನಗೆ ಕಳಿಸಿದರು. ನಾನು ಮಾಡಿದ್ದೇನು? ಆ ಚಿತ್ರವನ್ನು ಬೆರಳಿನಿಂದ ಎಳೆದು ದೊಡ್ಡದು ಮಾಡಿ, ಪರದೆಯ ಮೇಲೆ ಕಂಡದ್ದನ್ನೇ ಸ್ಕ್ರೀನ್‌ಶಾಟ್ ತೆಗೆದು, ತೂತಿನ ಸುತ್ತ ಕೆಂಪು ಬಳೆ ಎಳೆದು, ತಜ್ಞರಿರುವ ಮೊಬೈಲ್ ಗುಂಪಿಗೆ ಹಾಕಿದೆನು. ಬಹಳ ಚೆನ್ನಾಗಿ ಮಾಡಿದೆನೆಂದೇ ತಿಳಿದಿದ್ದೆ. ಮಾರನೆಯ ದಿನ ಮಧ್ಯಾಹ್ನ ಉತ್ತರ ಬಂತು: ಚಿತ್ರ ಸ್ಪಷ್ಟವಿಲ್ಲ, ಕಾಂಡ ಕೊರಕವೋ ಸೈನಿಕ ಹುಳುವೋ ಹೇಳಲಾಗದು, ಹತ್ತಿರದಿಂದ ತೆಗೆದು ಮತ್ತೆ ಕಳಿಸಿ ಎಂದು.

ನಾನು ಆ ದಿನ ಬೇರೆ ಊರಿನಲ್ಲಿ ಬೀಜ ವಿತರಣೆಯ ಕೆಲಸದಲ್ಲಿದ್ದೆ. ಮತ್ತೆ ಚಿತ್ರ ತರಿಸಿಕೊಳ್ಳುವ ಬದಲು ಅದೇ ಮಸುಕು ಚಿತ್ರವನ್ನು ಮತ್ತೊಮ್ಮೆ ನೋಡಿ, ‘ಕಾಂಡ ಕೊರಕ ಇದ್ದೀತು ಗೌಡರೆ, ಸುಳಿ ಒಣಗಿದ ಗಿಡ ಇದ್ದರೆ ಕಿತ್ತುಹಾಕಿ, ನಾಲ್ಕು ದಿನ ನೋಡೋಣ’ ಎಂದು ಫೋನಿನಲ್ಲಿ ಹೇಳಿಬಿಟ್ಟೆ. ಅವರು ಹೊಲವೆಲ್ಲ ಸುತ್ತಿದರು. ಸುಳಿ ಒಣಗಿದ ಗಿಡ ಹೆಚ್ಚಾಗಿ ಸಿಗಲಿಲ್ಲ. ಹಾಗಾದರೆ ಚಿಂತೆಯಿಲ್ಲವೆಂದು ಸುಮ್ಮನಾದರು. ಆರನೆಯ ದಿನ ನಾನು ಹೋಗಿ ಒಂದು ಸುಳಿಯನ್ನು ಬಿಡಿಸಿ ನೋಡಿದಾಗ ಒಳಗೆ ಮರದ ಹೊಟ್ಟಿನಂತೆ ಹಿಕ್ಕೆ ತುಂಬಿತ್ತು, ಅದರ ಅಡಿಯಲ್ಲಿ ಬಲಿತ ಹುಳು ಅಡಗಿ ಕುಳಿತಿತ್ತು. ಸಾಲಿನ ಮೇಲೆ ಸಾಲು ಹೀಗೆಯೇ. ಹುಳು ಎಳೆಯದಾಗಿದ್ದಾಗ ಸಾಯುವ ಔಷಧಿಗೆ ಅದು ಬಲಿತು ಸುಳಿಯೊಳಗೆ ಇಳಿದ ಮೇಲೆ ಸಾಯುವುದಿಲ್ಲ. ಗೌಡರು ಬೈಯಲಿಲ್ಲ. ‘ನೀನೂ ನೋಡಿದ್ದು ಅದೇ ಚಿತ್ರ ಅಲ್ಲವೇನಪ್ಪ’ ಎಂದರು. ಬೈದಿದ್ದರೆ ನನಗೆ ಅಷ್ಟು ಭಾರವಾಗುತ್ತಿರಲಿಲ್ಲ.

ಆ ಹುಳುವನ್ನು ನೀವೆಲ್ಲರೂ ಈಗ ಬಲ್ಲಿರಿ. ಫಾಲ್ ಸೈನಿಕ ಹುಳು. ಅಮೆರಿಕ ಖಂಡದ್ದು, ೨೦೧೬ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡು, ೨೦೧೮ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಸಿಕ್ಕಿತು. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು ಅಲ್ಲಿಯೇ. ಗುರುತು ಎರಡು: ತಲೆಯ ಮೇಲೆ ಇಂಗ್ಲಿಷಿನ ‘ವೈ’ ಅಕ್ಷರವನ್ನು ತಲೆಕೆಳಗಾಗಿ ಬರೆದಂತೆ ತಿಳಿಬಣ್ಣದ ಗೆರೆ, ಮತ್ತು ಬಾಲದ ಸಮೀಪದ ಒಂದು ಉಂಗುರದ ಮೇಲೆ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಕಾಂಡ ಕೊರಕವಾದರೆ ಬಿಚ್ಚಿದ ಎಲೆಯಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ದುಂಡು ತೂತುಗಳು ಅಡ್ಡಸಾಲಾಗಿ ಇರುತ್ತವೆ. ಸೈನಿಕ ಹುಳುವಾದರೆ ಮೊದಲು ಎಲೆಯ ಹಸಿರು ಕೆರೆದು ಕಾಗದದಂತೆ ಬಿಳಿಯಾಗುತ್ತದೆ, ಆಮೇಲೆ ಹರಕು ಹರಕಾದ ದೊಡ್ಡ ತೂತುಗಳಾಗುತ್ತವೆ. ಕಣ್ಣಿನಿಂದ ನೋಡಿದರೆ ಮಗುವೂ ಹೇಳಬಹುದು. ನನ್ನ ಆ ಚಿತ್ರದಲ್ಲಿ ತೂತು ದುಂಡೋ ಹರಕೋ ತಿಳಿಯುತ್ತಿರಲಿಲ್ಲ. ಹಸಿರಿನ ಮೇಲೆ ಒಂದಿಷ್ಟು ಕೆಸರು ಎರಚಿದಂತಿತ್ತು, ಅಷ್ಟೆ.

ಇನ್ನು ಅದು ಏಕೆ ಹಾಗಾಯಿತೆಂಬುದನ್ನು ಹೇಳುತ್ತೇನೆ. ತುಸು ಲೆಕ್ಕವಿದೆ, ಬಡ್ಡಿ ಲೆಕ್ಕ ಹಾಕುವ ನಿಮಗೆ ಇದು ಕಷ್ಟವಲ್ಲ.

ಮೊಬೈಲಿನ ಚಿತ್ರವೆಂದರೆ ಬಣ್ಣದ ಬಿಂದುಗಳನ್ನು ಒತ್ತಾಗಿ ಜೋಡಿಸಿದ ರಂಗೋಲಿ. ಇವಕ್ಕೆ ಪಿಕ್ಸೆಲ್ ಎಂದು ಹೆಸರು. ೧೨ ಮೆಗಾಪಿಕ್ಸೆಲಿನ ಚಿತ್ರವೆಂದರೆ ಉದ್ದಕ್ಕೆ ೪,೦೦೦, ಅಗಲಕ್ಕೆ ೩,೦೦೦, ಒಟ್ಟು ೧ ಕೋಟಿ ೨೦ ಲಕ್ಷ ಬಿಂದು. ಪ್ರತಿ ಬಿಂದುವಿನಲ್ಲಿ ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು ಎಂದು ಮೂರು ಸಂಖ್ಯೆ ಬರೆಯಬೇಕು. ಹಾಗೆ ಇದ್ದದ್ದನ್ನು ಇದ್ದ ಹಾಗೆಯೇ ಬರೆದರೆ ಒಂದು ಚಿತ್ರಕ್ಕೆ ೩೬ ಎಂ.ಬಿ. ಬೇಕು. ಮದುವೆಯ ಚಿತ್ರ ನೂರು ತೆಗೆದರೆ ಫೋನೇ ತುಂಬಿಹೋದೀತು. ಆದ್ದರಿಂದ ಫೋನು ಚಿತ್ರ ತೆಗೆದ ಕೂಡಲೇ ಅದನ್ನು ಅಡಕ ಮಾಡಿ ಸಾಮಾನ್ಯವಾಗಿ ೩ರಿಂದ ೫ ಎಂ.ಬಿ.ಗೆ ಇಳಿಸಿ ಇಡುತ್ತದೆ. ಈ ಅಡಕದ ಕ್ರಮಕ್ಕೆ ಜೆಪೆಗ್ ಎಂದು ಹೆಸರು; ೧೯೯೨ರಲ್ಲಿ ಅದು ಲೋಕಕ್ಕೆಲ್ಲ ಒಂದೇ ಕ್ರಮವೆಂದು ಗೊತ್ತಾಯಿತು.

ಅಡಕ ಮಾಡುವುದು ಹೇಗೆ? ನಾವು ಗದ್ದೆಯಲ್ಲಿ ಮಡಿ ಕಟ್ಟುತ್ತೇವಲ್ಲವೆ, ಹಾಗೆಯೇ ಚಿತ್ರವನ್ನು ಎಂಟು ಬಿಂದು ಉದ್ದ, ಎಂಟು ಬಿಂದು ಅಗಲದ ಮಡಿಗಳಾಗಿ ಕಟ್ಟುತ್ತಾರೆ. ಒಂದೊಂದು ಮಡಿಯಲ್ಲಿಯೂ ೬೪ ಬಿಂದು. ಬಿಂದು ಬಿಂದುವನ್ನೂ ವರ್ಣಿಸುವ ಬದಲು, ಒಬ್ಬ ರೈತ ಇನ್ನೊಬ್ಬನಿಗೆ ಹೊಲವನ್ನು ವರ್ಣಿಸುವ ಹಾಗೆ ವರ್ಣಿಸುತ್ತಾರೆ. ಮೊದಲು ಹೊಲ ಎತ್ತರದ್ದೋ ತಗ್ಗಿನದ್ದೋ ಎಂದು ಹೇಳುತ್ತೀರಿ, ಆಮೇಲೆ ಇಳಿಜಾರು ಯಾವ ಕಡೆಗೆ, ಆಮೇಲೆ ಬದು, ಸಾಲು, ಕಟ್ಟಕಡೆಗೆ ಹೆಂಟೆ. ಅದೇ ರೀತಿ ಮಡಿಯ ಒಟ್ಟು ಬೆಳಕೆಷ್ಟು, ಬೆಳಕು ಯಾವ ಕಡೆಗೆ ಏರಿದೆ, ಅದರೊಳಗಿನ ದೊಡ್ಡ ಏರಿಳಿತವೇನು, ಸಣ್ಣ ಏರಿಳಿತವೇನು ಎಂದು ಕ್ರಮವಾಗಿ ೬೪ ಸಂಖ್ಯೆ ಬರೆಯುತ್ತಾರೆ. ಇಲ್ಲಿಯವರೆಗೆ ಏನೂ ನಷ್ಟವಿಲ್ಲ. ನಷ್ಟವಾಗುವುದು ಮುಂದಿನ ಹೆಜ್ಜೆಯಲ್ಲಿ. ಸಣ್ಣ ಏರಿಳಿತದ ಸಂಖ್ಯೆಗಳನ್ನು ಒರಟಾಗಿ ಅಳೆದು, ತೀರ ಚಿಕ್ಕವನ್ನು ಸೊನ್ನೆಯೆಂದೇ ಬರೆದುಬಿಡುತ್ತಾರೆ. ಅಂದರೆ ಹೆಂಟೆಯ ಲೆಕ್ಕವನ್ನು ಕೈಬಿಡುತ್ತಾರೆ. ಹೆಂಟೆಯ ಲೆಕ್ಕ ಬಿಟ್ಟರೂ ಹೊಲ ಹೊಲವಾಗಿಯೇ ಕಾಣುತ್ತದೆ. ಮಗಳ ಮುಖ ಮಗಳ ಮುಖವಾಗಿಯೇ ಕಾಣುತ್ತದೆ. ಆದರೆ ನಮಗೆ ಬೇಕಾದ ಹುಳುವಿನ ಗೆರೆ, ಎಲೆಯ ಚುಕ್ಕೆ, ಇವೇ ಆ ಹೆಂಟೆಗಳು.

ಬಣ್ಣದಲ್ಲಿ ಇನ್ನೂ ಒಂದು ಉಳಿತಾಯ ಮಾಡುತ್ತಾರೆ. ಮನುಷ್ಯನ ಕಣ್ಣು ಬೆಳಕು ಕತ್ತಲೆಯ ಭೇದವನ್ನು ಬೇಗ ಹಿಡಿಯುತ್ತದೆ, ಬಣ್ಣದ ಸಣ್ಣ ಭೇದವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಇದನ್ನು ತಿಳಿದು, ಸಾಮಾನ್ಯವಾಗಿ ನಾಲ್ಕು ಬಿಂದುವಿಗೆ ಸೇರಿ ಒಂದೇ ಬಣ್ಣ ಬರೆಯುತ್ತಾರೆ. ಹಸಿರೆಲೆಯ ಮೇಲೆ ಸಾಸಿವೆಗಿಂತ ಚಿಕ್ಕದಾದ ಹಳದಿ ಚುಕ್ಕೆ ಇದ್ದರೆ ಅದರ ಹಳದಿ ಪಕ್ಕದ ಹಸಿರಿನೊಡನೆ ಬೆರೆತು ಪೇಲವವಾಗುವುದು ಇದರಿಂದ.

ಈ ಲೆಕ್ಕದ ಮೂಲವನ್ನು ಕಂಡುಹಿಡಿದವರು ಯಾರೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು, ಸಂತೋಷವೂ ಆಯಿತು. ಅವರು ೧೯೪೦ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್. ಬೆಂಗಳೂರಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ೧೯೬೧ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋಗಿ, ಅಲ್ಲಿನ ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ೧೯೭೨ರಲ್ಲಿ ಈ ವಿಚಾರದ ಸಂಶೋಧನೆಗೆ ಹಣ ಬೇಕೆಂದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರೆ, ಇದು ತೀರ ಸರಳವಾಯಿತೆಂದು ಹೇಳಿ ಹಣ ಕೊಡಲಿಲ್ಲವಂತೆ. ಅವರೇ ಮುಂದೆ ಬರೆದುಕೊಂಡಿದ್ದಾರೆ. ಆದರೂ ಬಿಡದೆ ಟಿ. ನಟರಾಜನ್, ಕೆ. ಆರ್. ರಾವ್ ಎಂಬ ಇನ್ನಿಬ್ಬರ ಜೊತೆಗೂಡಿ ೧೯೭೪ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ನೀವು ದಿನವೂ ನೋಡುವ ಚಿತ್ರಗಳೂ ವಿಡಿಯೋಗಳೂ ಬಹುಮಟ್ಟಿಗೆ ಅದರ ಆಧಾರದ ಮೇಲೆಯೇ ಹರಿದಾಡುತ್ತಿವೆ. ನಮ್ಮ ಅರ್ಜಿಯೊಂದು ವಾಪಸು ಬಂದರೆ ಎದೆಗುಂದುವ ನಾವು ಇದನ್ನು ನೆನೆಯಬಹುದು. ಇರಲಿ.

ಅಂದಮೇಲೆ ಅಡಕ ಮಾಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಒಂದೇ ಸಲ, ಹದವಾಗಿ ಮಾಡಿದರೆ ಫೋನು ಇಟ್ಟುಕೊಂಡ ಚಿತ್ರದಲ್ಲಿ ಬಹುಮಟ್ಟಿಗೆ ಎಲ್ಲವೂ ಉಳಿದಿರುತ್ತದೆ. ತೊಂದರೆ ಬರುವುದು ಕಳಿಸುವಾಗ. ವಾಟ್ಸಾಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಚಿತ್ರ ಕಳಿಸಿದರೆ ಅದು ಉದ್ದದ ಬದಿಗೆ ಸುಮಾರು ೧,೬೦೦ ಬಿಂದು ಉಳಿಸಿಕೊಂಡು ಚಿತ್ರವನ್ನು ಕುಗ್ಗಿಸುತ್ತದೆ, ಕುಗ್ಗಿಸಿದ್ದನ್ನು ಮತ್ತೆ ಒರಟಾಗಿ ಅಡಕ ಮಾಡುತ್ತದೆ. ೧ ಕೋಟಿ ೨೦ ಲಕ್ಷ ಬಿಂದು ಇದ್ದದ್ದು ೧೯ ಲಕ್ಷ ಚಿಲ್ಲರೆಗೆ ಇಳಿಯಿತು. ಆರು ಬಿಂದು ಇದ್ದ ಕಡೆ ಒಂದು ಉಳಿಯಿತು.

ಈಗ ಗೌಡರ ಹೊಲದ ಹುಳುವನ್ನು ಈ ಲೆಕ್ಕಕ್ಕೆ ಹಾಕಿ ನೋಡಿ. ಬಲಿತ ಹುಳುವಿನ ತಲೆಯ ಅಗಲ ಸುಮಾರು ಎರಡೂವರೆ ಮಿಲಿಮೀಟರು. ಅವರು ಬದುವಿನ ಮೇಲಿಂದ ತೆಗೆದಾಗ ಚಿತ್ರದ ಉದ್ದಕ್ಕೆ ಸುಮಾರು ಎರಡಡಿಯಷ್ಟು ಪೈರು ಬಂದಿತ್ತೆನ್ನಿ, ಅಂದರೆ ೬೦೦ ಮಿಲಿಮೀಟರು. ಅದಕ್ಕೆ ಉಳಿದದ್ದು ೧,೬೦೦ ಬಿಂದು. ಭಾಗಿಸಿದರೆ ಒಂದು ಮಿಲಿಮೀಟರಿಗೆ ಮೂರು ಬಿಂದುವೂ ಪೂರ್ತಿ ಸಿಗದು. ಹುಳುವಿನ ಇಡೀ ತಲೆಗೆ ಏಳು ಬಿಂದು. ಮಡಿಯ ಅಗಲ ಎಂಟು ಬಿಂದುವೆಂದು ಹೇಳಿದೆನಷ್ಟೆ? ಹುಳು ಸುಳಿಯಿಂದ ಹೊರಗೆ ಬಂದು ನಮಗೆ ಮುಖ ತೋರಿಸಿ ನಿಂತಿದ್ದರೂ ಅದರ ಇಡೀ ತಲೆ ಒಂದು ಮಡಿಯೊಳಗೆ ಮುಳುಗಿಹೋಗುತ್ತಿತ್ತು. ಆ ಮಡಿಯೊಳಗಿನ ಹೆಂಟೆಯ ಲೆಕ್ಕವನ್ನಂತೂ ಬಿಟ್ಟೇ ಬಿಟ್ಟಿದ್ದಾರೆ. ತಲೆಯ ಮೇಲಿನ ಗೆರೆ ಎಲ್ಲಿಂದ ಕಂಡೀತು? ಅದೇ ಹುಳುವನ್ನು ಹತ್ತಿರ ಹೋಗಿ, ಚಿತ್ರದ ಉದ್ದಕ್ಕೆ ಅರ್ಧ ಅಡಿ ಮಾತ್ರ ಬರುವಂತೆ ತೆಗೆದಿದ್ದರೆ, ಅದೇ ೧,೬೦೦ ಬಿಂದುವಿನಲ್ಲಿಯೇ ತಲೆಗೆ ಇಪ್ಪತ್ತಾರು ಬಿಂದು ಸಿಗುತ್ತಿದ್ದವು. ಗೆರೆ ಕಾಣುತ್ತಿತ್ತು. ಖರ್ಚು ಏನು? ಬದುವಿನಿಂದ ಇಳಿದು ನಾಲ್ಕು ಹೆಜ್ಜೆ.

ನಾನು ಮಾಡಿದ ತಪ್ಪನ್ನೂ ಇಲ್ಲಿಯೇ ಹೇಳಬೇಕು. ಬಂದ ಚಿತ್ರವನ್ನು ಹಾಗೆಯೇ ಫಾರ್ವರ್ಡ್ ಮಾಡಿದ್ದರೆ ಬಂದ ಫೈಲೇ ಮುಂದಕ್ಕೆ ಹೋಗುತ್ತಿತ್ತು. ಅದು ಇನ್ನಷ್ಟು ಕೆಡುತ್ತಿರಲಿಲ್ಲ. ಫಾರ್ವರ್ಡ್ ಮಾಡಿದಷ್ಟೂ ಚಿತ್ರ ಸವೆಯುತ್ತದೆ ಎಂದು ಕೆಲವರು ತಿಳಿದಿದ್ದಾರೆ, ಅದು ಹಾಗಲ್ಲ. ಸವೆಯುವುದು ಸ್ಕ್ರೀನ್‌ಶಾಟ್ ತೆಗೆದಾಗ, ಕತ್ತರಿಸಿ ಬಣ್ಣ ಬಳಿದು ಹೊಸದಾಗಿ ಹಾಕಿದಾಗ. ಆಗ ಒಮ್ಮೆ ಅಡಕವಾದದ್ದು ಮತ್ತೊಮ್ಮೆ ಅಡಕವಾಗುತ್ತದೆ. ಸಾರಿಗೆ ನೀರು ಬೆರೆಸಿದವರು ಒಬ್ಬರೋ ಇಬ್ಬರೋ ಎಂದು ಕುಡಿಯುವವನಿಗೆ ಏನು ಗೊತ್ತು? ತಜ್ಞರು ಕಂಡದ್ದು ನೀರನ್ನು.

ಹಾಗಾದರೆ ಕಳಿಸುವುದು ಹೇಗೆ? ವಾಟ್ಸಾಪ್‌ನಲ್ಲಿ ಕಾಗದದ ಕ್ಲಿಪ್ಪಿನಂತಿರುವ ಗುರುತನ್ನು ಒತ್ತಿದರೆ ‘ಡಾಕ್ಯುಮೆಂಟ್’ ಎಂಬುದೊಂದು ಬರುತ್ತದೆ. ಅದನ್ನು ಒತ್ತಿ, ಅದರೊಳಗಿಂದ ಚಿತ್ರವನ್ನು ಆರಿಸಿ ಕಳಿಸಿದರೆ ಫೋನಿನಲ್ಲಿದ್ದ ಫೈಲು ಒಂದು ಬಿಂದುವೂ ಕಡಿಮೆಯಾಗದೆ ಹೋಗುತ್ತದೆ. ಇನ್ನೊಂದು, ‘ಎಚ್.ಡಿ.’ ಎಂಬ ಆಯ್ಕೆ. ೨೦೨೩ರ ಆಗಸ್ಟಿನಲ್ಲಿ ಬಂದದ್ದು. ಅದರಲ್ಲಿಯೂ ಅಡಕವುಂಟು, ಆದರೆ ಮಾಮೂಲಿಗಿಂತ ಬಹಳ ಮೇಲು. ಡಾಕ್ಯುಮೆಂಟ್ ಆಗಿ ಕಳಿಸಿದರೆ ನಾಲ್ಕು ಎಂ.ಬಿ. ಡೇಟಾ ಹೋಗುತ್ತದೆ ಎಂದು ಹಿಂದೆಗೆಯಬೇಡಿ. ಊಟವಾದ ಮೇಲೆ ಜಗಲಿಯ ಮೇಲೆ ಕುಳಿತು ನೋಡುವ ಒಂದು ಹಾಸ್ಯದ ವಿಡಿಯೋಗೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಸಿಗ್ನಲ್ ಇಲ್ಲದ ಹೊಲವಾದರೆ ಅಲ್ಲಿಂದಲೇ ಕಳಿಸಲು ಹೆಣಗಾಡುವುದು ಬೇಡ. ಮನೆಗೆ ಬಂದು ಕಳಿಸಿ.

ಕಳಿಸುವ ಮೊದಲೇ ಕೆಟ್ಟ ಚಿತ್ರವನ್ನು ಯಾವ ಡಾಕ್ಯುಮೆಂಟೂ ಉದ್ಧಾರ ಮಾಡಲಾರದು. ಫೋನಿನ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ತಗಡು ಬೆರಳಿನ ಉಗುರಿನಷ್ಟೇ ಇರುತ್ತದೆ, ಅಗ್ಗದ ಫೋನಿನಲ್ಲಿ ಇನ್ನೂ ಚಿಕ್ಕದು. ಅಷ್ಟು ಚಿಕ್ಕ ಬಟ್ಟಲಿಗೆ ಸಂಜೆಯ ಬೆಳಕು ಎಷ್ಟು ಬಿದ್ದೀತು? ಬೆಳಕು ಸಾಲದಾದಾಗ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಳುಕಾಳು ಏಳುತ್ತದೆ. ಆ ಮರಳನ್ನು ಅಳಿಸಲು ಫೋನು ತಾನೇ ಚಿತ್ರವನ್ನು ಸವರುತ್ತದೆ, ಮೆತ್ತಗೆ ಸಗಣಿ ಸಾರಿಸಿದ ಅಂಗಳದ ಹಾಗೆ. ಮರಳಿನೊಡನೆ ಹುಳುವಿನ ಗೆರೆಯೂ ಸಾರಿಸಿಹೋಗುತ್ತದೆ. ಆದ್ದರಿಂದ ಬೆಳಗಿನ ಎಂಟರಿಂದ ಹತ್ತರೊಳಗೆ ತೆಗೆಯುವುದು ಉತ್ತಮ. ನಡುಮಧ್ಯಾಹ್ನವಾದರೆ ಎಲೆ ಹೊಳೆದು ಬೆಳ್ಳಗಾಗುತ್ತದೆ. ಆಗ ಬೆನ್ನು ಬಿಸಿಲಿಗೆ ಕೊಟ್ಟು ನಿಮ್ಮ ನೆರಳಿನಲ್ಲಿಯೇ ಎಲೆಯನ್ನು ಹಿಡಿಯಿರಿ.

೫೦ ಮೆಗಾಪಿಕ್ಸೆಲ್, ೧೦೮ ಮೆಗಾಪಿಕ್ಸೆಲ್ ಎಂದು ಅಂಗಡಿಯವರು ಹೇಳುವುದನ್ನು ಕೇಳಿ ಮರುಳಾಗಬೇಡಿ. ಅಂಥ ಫೋನುಗಳು ಮಾಮೂಲಾಗಿ ಹಲವು ಬಿಂದುಗಳನ್ನು ಒಂದಾಗಿ ಕೂಡಿಸಿ ಸುಮಾರು ೧೨ ಮೆಗಾಪಿಕ್ಸೆಲಿನ ಚಿತ್ರವನ್ನೇ ಕೊಡುತ್ತವೆ. ಎಳ್ಳು ಬೆಳೆಯುವವನಿಗೆ ಕಾಳಿನ ಎಣಿಕೆಯ ಮೇಲೆ ಬೆಲೆ ಕಟ್ಟುತ್ತಾರೆಯೇ? ಅಲ್ಲದೆ ಎಷ್ಟು ಮೆಗಾಪಿಕ್ಸೆಲಿದ್ದರೂ ಗಾಜಿನ ಮೇಲೆ ಎಣ್ಣೆಗೈ, ಬೆವರು, ಸುಣ್ಣ, ಹೊಗೆಸೊಪ್ಪಿನ ಪುಡಿ ಮೆತ್ತಿದ್ದರೆ ಫಲವಿಲ್ಲ. ಹತ್ತಿಯ ಪಂಚೆಯ ಒಣ ಅಂಚಿನಿಂದ ಗಾಜನ್ನು ಒರೆಸಿ. ನಾನು ಹೋದ ಹಳ್ಳಿಗಳಲ್ಲಿ ‘ಕ್ಯಾಮೆರಾ ಕೆಟ್ಟಿದೆ’ ಎಂದು ತೋರಿಸಿದ ಫೋನುಗಳಲ್ಲಿ ಬಹುಪಾಲು ಹೀಗೆ ಒರೆಸಿದ ಮೇಲೆ ಸರಿಹೋದವು.

ಹತ್ತಿರ ಹೋಗಿ ಎಂದೆ. ತೀರ ಹತ್ತಿರವೂ ಆಗದು. ಹೆಚ್ಚಿನ ಫೋನುಗಳಿಗೆ ನಾಲ್ಕು ಅಂಗುಲಕ್ಕಿಂತ ಹತ್ತಿರದ ವಸ್ತು ನಿಚ್ಚಳವಾಗುವುದಿಲ್ಲ. ಅರ್ಧ ಗೇಣಿನಿಂದ ಒಂದು ಗೇಣಿನೊಳಗೆ ಹಿಡಿದು, ಪರದೆಯ ಮೇಲೆ ಹುಳು ಕಾಣುವ ಜಾಗವನ್ನೇ ಬೆರಳಿನಿಂದ ಮುಟ್ಟಿ, ಒಂದು ಗಳಿಗೆ ತಡೆದು, ಚಿತ್ರ ನಿಚ್ಚಳವಾದ ಮೇಲೆ ಒತ್ತಿ. ಬೆರಳಿನಿಂದ ಅಗಲಿಸಿ ದೊಡ್ಡದು ಮಾಡಿ ತೆಗೆಯಬೇಡಿ. ಅದರಿಂದ ಹೊಸದೇನೂ ಕಾಣುವುದಿಲ್ಲ, ಇದ್ದ ಬಿಂದುಗಳನ್ನೇ ಹಿಗ್ಗಿಸಿದಂತೆ. ಗಾಳಿಗೆ ಎಲೆ ಅಲ್ಲಾಡುತ್ತಿದ್ದರೆ ಜೊತೆಗೆ ಬಂದ ಮಗನೋ ಮಗಳೋ ಎಲೆಯನ್ನು ಹಿಡಿದುಕೊಳ್ಳಲಿ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡರೆ ಕೈ ನಡುಗುವುದಿಲ್ಲ. ಹುಳುವಿನ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವನ್ನಿಟ್ಟರೆ ನೋಡುವವರಿಗೆ ಅದರ ಗಾತ್ರ ತಿಳಿಯುತ್ತದೆ. ಶಾಲೆಯ ಮಕ್ಕಳ ಭೂತಗನ್ನಡಿ ಮನೆಯಲ್ಲಿದ್ದರೆ ಅದನ್ನು ಕ್ಯಾಮೆರಾದ ಮುಂದೆ ಹಿಡಿದು ತೆಗೆಯಿರಿ. ಅಗ್ಗದ ಫೋನುಗಳಲ್ಲಿ ‘ಮ್ಯಾಕ್ರೋ’ ಎಂದು ಕೊಡುವ ಎರಡು ಮೆಗಾಪಿಕ್ಸೆಲಿನ ಕ್ಯಾಮೆರಾಗಿಂತ ಅದು ಎಷ್ಟೋ ವಾಸಿ.

ಒಂದೇ ಚಿತ್ರ ಸಾಲದು. ಹೊಲದ್ದೊಂದು, ಒಂದು ಗಿಡದ್ದೊಂದು, ರೋಗವೋ ಹುಳುವೋ ಇರುವ ಜಾಗದ್ದು ಎರಡು. ಹೊಲದ ಚಿತ್ರ ಏಕೆಂದರೆ, ತಗ್ಗಿನಲ್ಲಿ ನೀರು ನಿಂತ ಕಡೆ ಮಾತ್ರ ಹಳದಿಯಾಗಿದೆಯೋ ಎಲ್ಲೆಲ್ಲಿಯೂ ಆಗಿದೆಯೋ ಎಂಬುದು ಅದರಿಂದಲೇ ತಿಳಿಯಬೇಕು. ಜೊತೆಗೆ ಬಿತ್ತಿ ಎಷ್ಟು ದಿನವಾಯಿತು, ಯಾವ ತಳಿ, ಏನು ಸಿಂಪಡಿಸಿದ್ದೀರಿ ಎಂಬುದನ್ನು ಬಾಯಲ್ಲಿ ಹೇಳಿ ಕಳಿಸಿದರೂ ಸಾಕು. ೨೦೨೪ರ ಆಗಸ್ಟ್ ೧೫ರಂದು ಕೇಂದ್ರ ಸರ್ಕಾರದವರು ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆಯೆಂಬುದನ್ನು ಆರಂಭಿಸಿದರು. ಅದರಲ್ಲಿ ಚಿತ್ರವನ್ನು ಯಂತ್ರವೇ ನೋಡಿ ಕೀಟವನ್ನು ಗುರುತಿಸುತ್ತದೆ. ಯಂತ್ರಕ್ಕೂ ಕಾಣದ ಗೆರೆ ಕಾಣದ್ದೇ. ಮನುಷ್ಯನಾದರೆ ‘ಸ್ಪಷ್ಟವಿಲ್ಲ, ಮತ್ತೆ ಕಳಿಸಿ’ ಎಂದು ಹೇಳಿಯಾನು. ಯಂತ್ರ ಏನಾದರೊಂದು ಹೆಸರು ಹೇಳಿಬಿಡಲೂಬಹುದು, ನಾನು ಹೇಳಿದ ಹಾಗೆ.

ಬೆಳೆ ವಿಮೆಯ ಬಗ್ಗೆ ಒಂದು ಮಾತು. ಆಲಿಕಲ್ಲು ಮಳೆ, ಹೊಲದಲ್ಲಿ ನೀರು ನಿಲ್ಲುವುದು, ಭೂಕುಸಿತ ಮುಂತಾಗಿ ಒಂದೊಂದು ಹೊಲಕ್ಕೆ ಆಗುವ ನಷ್ಟವನ್ನು ಫಸಲ್ ಬಿಮಾ ಯೋಜನೆಯಲ್ಲಿ ೭೨ ಗಂಟೆಯೊಳಗೆ ತಿಳಿಸಬೇಕು. ತಿಳಿಸುವುದು ಮೊದಲು, ಒಳ್ಳೆಯ ಚಿತ್ರಕ್ಕಾಗಿ ಕಾದು ಗಡುವು ಕಳೆದುಕೊಳ್ಳಬೇಡಿ. ಆದರೆ ತೆಗೆದ ಮೂಲ ಚಿತ್ರವನ್ನು ಫೋನಿನಿಂದ ಅಳಿಸಬೇಡಿ. ಲೊಕೇಶನ್ ಚಾಲೂ ಇದ್ದು ಅದನ್ನು ಚಿತ್ರಕ್ಕೆ ಸೇರಿಸಲು ಕ್ಯಾಮೆರಾದಲ್ಲಿ ಅನುಮತಿ ಕೊಟ್ಟಿದ್ದರೆ, ಮೂಲ ಚಿತ್ರದೊಳಗೆ ತೆಗೆದ ದಿನ, ಹೊತ್ತು, ಸ್ಥಳ ಮೂರೂ ಅಡಗಿರುತ್ತವೆ. ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಆ ಸ್ಥಳದ ಗುರುತು ಉದುರಿಹೋಗುತ್ತದೆ. ‘ಇದು ನಿನ್ನ ಹೊಲವೆಂದು ಏನು ಗುರುತು’ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಫೋನಿನಲ್ಲಿ ಉಳಿದ ಆ ಮೂಲವೇ.

ಭಾಷಣ ಉದ್ದವಾಯಿತು. ಗೌಡರು ತಮ್ಮ ಹೊಲದಿಂದ ಬೆಳಿಗ್ಗೆ ಕಿತ್ತು ತಂದ ಎರಡು ಗಿಡಗಳು ಆ ಹೊಂಗೆಯ ಮರದ ಕೆಳಗೆ ಇವೆ. ಒಂದರ ಸುಳಿಯಲ್ಲಿ ಹುಳು ಇನ್ನೂ ಜೀವಂತವಾಗಿದೆ. ಅಧ್ಯಕ್ಷರು ಅಪ್ಪಣೆ ಕೊಟ್ಟರೆ ಎಲ್ಲರೂ ಫೋನಿನ ಗಾಜು ಒರೆಸಿಕೊಂಡು ಅಲ್ಲಿಗೆ ಬನ್ನಿ. ಒಂದು ಚಿತ್ರ ನಿಂತು ತೆಗೆಯಿರಿ, ಇನ್ನೊಂದು ಕುಳಿತು ತೆಗೆಯಿರಿ. ಎರಡನ್ನೂ ನನಗೆ ಒಮ್ಮೆ ಮಾಮೂಲಿನಂತೆಯೂ ಒಮ್ಮೆ ಡಾಕ್ಯುಮೆಂಟ್ ಆಗಿಯೂ ಕಳಿಸಿ. ಯಾವುದರಲ್ಲಿ ತಲೆಯ ಗೆರೆ ಕಾಣುತ್ತದೆಂದು ಅಲ್ಲಿಯೇ ನೋಡೋಣ. ಹೊತ್ತು ಇಳಿಯುವುದರೊಳಗೆ ಮುಗಿಸಬೇಕು.